ಬೆಣ್ಣೆಕೈ ಹಾಕಿದ ಗಂಟು

ಹಿಂಬಾಗಿಲ ಬೀಗ ಸದ್ದಿಲ್ಲದೆ ಸೋತಿತು. ಬೆಣ್ಣೆಕೈ ಎಂದೇ ಹೆಸರಾದ ಕಳ್ಳ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು ಅಡುಗೆಮನೆಯೊಳಗೆ ಹೆಜ್ಜೆ ಇಟ್ಟ. ಇನ್ನೊಂದು ಹೆಜ್ಜೆ ಇಡುವಷ್ಟರಲ್ಲಿ ಮನೆ ಮಾತಾಡಿತು.

“ಬಂದ್ರಾ? ಫ್ರಿಜ್ ರಿಪೇರಿಯವರು ತಾನೇ?”

ಗಂಡಸಿನ ಗಡಸು ದನಿ. ಆದರೆ ಮನೆಯಲ್ಲಿ ನರಪಿಳ್ಳೆ ಇರಲಿಲ್ಲ. ಬೆಣ್ಣೆಕೈ ತಲೆ ಎತ್ತಿದ. ಗೋಡೆಯ ಮೂಲೆಯಲ್ಲಿ ನಿಂಬೆಹಣ್ಣಿನಷ್ಟು ದಪ್ಪದ ಕ್ಯಾಮೆರಾ ಕೆಂಪಗೆ ಕಣ್ಣು ಬಿಟ್ಟುಕೊಂಡಿತ್ತು. ಮನೆಯ ಯಜಮಾನ ಯಾವ ಊರಲ್ಲಿದ್ದಾನೋ, ಫೋನಿನಲ್ಲಿ ತನ್ನ ಮುಖವನ್ನೇ ನೋಡುತ್ತಿದ್ದಾನೆ. ಅಷ್ಟು ಅವನಿಗೂ ಹೊಳೆಯಿತು.

“ಹೌದು ಸಾರ್, ರಿಪೇರಿಯವನೇ,” ಎಂದ. ಕೈಯಲ್ಲಿದ್ದ ಚಪ್ಪಲಿ ಕೆಳಗಿಟ್ಟ. “ಬೆಲ್ ಒತ್ತಿದೆ, ಕೂಗಿದೆ. ಹಿಂದಿನ ಬಾಗಿಲು ತೆಗೆದೇ ಇತ್ತು.”

“ಹಾಳು ಮರೆವು ನಮ್ದು. ಒಳಗೆ ಬನ್ನಿ. ಮೊದ್ಲು ಕಾಲು ಒರೆಸ್ಕೊಳ್ಳಿ.”

ಕಳ್ಳ ಕಾಲು ಒರೆಸಿಕೊಂಡ.

ಬೆಳಿಗ್ಗೆಯಷ್ಟೇ ಹೆಂಡತಿಯೊಡನೆ ಪಂದ್ಯ ಕಟ್ಟಿದ್ದ. ಅವಳದೂ ಇದೇ ಕಸುಬು, ಆದರೆ ಫೋನು ಕೈಗೆ ಬಂದ ಮೇಲೆ ಅವಳು ಮಂಚ ಬಿಟ್ಟು ಇಳಿದಿರಲಿಲ್ಲ. ಕಾಲು ಚಾಚಿ ಕೂತು ಕಂಡವರಿಗೆಲ್ಲ ‘ನಿಮಗೆ ಬಹುಮಾನ ಬಂದಿದೆ’ ಎಂದು ಸಂದೇಶ ಕಳಿಸಿ, ಅದನ್ನು ಒತ್ತಿದವರ ಫೋನಿನೊಳಗೆ ನುಸುಳುತ್ತಿದ್ದಳು. ಬಿಡುವಾದಾಗ ಅದೇ ಫೋನಿನಲ್ಲಿ ತನ್ನ ದನಿಯನ್ನು ಕರಡಿ ದನಿ, ಗಿಳಿ ದನಿಯಾಗಿ ಬದಲಿಸಿ ಮೊಮ್ಮಗಳನ್ನು ನಗಿಸುತ್ತಿದ್ದಳು.

“ಗೋಡೆ ಹತ್ತದೆ, ಬೀಗ ಮುಟ್ಟದೆ, ಒಂದು ಹನಿ ಬೆವರಿಲ್ಲದೆ! ಅದೂ ಒಂದು ಕಳ್ಳತನವೇನೇ?” ಎಂದಿದ್ದ.

“ಗೋಡೆ ಹತ್ತೋ ಕಾಲ ಮುಗೀತು ಕಣ್ರೀ. ನಿಮ್ಮ ಮಂಡೀನೇ ಕೇಳ್ನೋಡಿ.”

“ಮೊನ್ನೆಯಿಂದ ಹೇಳ್ತಿದೀನಲ್ಲ, ನೀಲಿ ಗೇಟಿನ ಮನೆ? ಪೇಪರ್ ಎಲ್ಲ ಬಾಗಿಲಲ್ಲೇ ಬಿದ್ದಿದೆ. ಇವತ್ತು ನೋಡು ಈ ಕೈ ಏನು ಮಾಡುತ್ತೆ ಅಂತ.”

“ಬರಿಗೈಲಿ ಬಂದ್ರೆ?”

“ಹತಾರದ ಚೀಲ ಗುಜರಿಯವನಿಗೆ! ಆಮೇಲೆ ಸಾಯೋ ತನಕ ನೀನು ಹೇಳಿದ್ದೇ ಮಾತು.”

ಬೀದಿ ತಿರುಗುವಷ್ಟರಲ್ಲೇ ಆಡಿದ ಮಾತೇ ಅವನನ್ನು ಚುಚ್ಚಿತು. ಆ ಚೀಲ ಅಪ್ಪನದು. ಒಳಗಿನ ಕಬ್ಬಿಣದ ಸಲಾಕೆ ಅಜ್ಜನ ಹಿಡಿತಕ್ಕೆ ಸವೆದದ್ದು. ಅವಳೋ ಫೋನಿನಿಂದ ಕಣ್ಣನ್ನೂ ಎತ್ತದೆ, “ಅವಸರ ಏನಿದೆ, ಮೆಲ್ಲಗೆ ಹೋಗ್ಬನ್ನಿ,” ಎಂದು ಕಳಿಸಿದ್ದಳು.

ಬೆಣ್ಣೆಕೈ ಫ್ರಿಜ್ ಬಾಗಿಲು ತೆರೆದ. ಒಳಗೆ ದೀಪ ಹತ್ತಿತು, ತಣ್ಣನೆ ಗಾಳಿ ಮುಖಕ್ಕೆ ಬಡಿಯಿತು.

“ಗ್ಯಾಸ್ ಹೋಗಿದೆ ಸಾರ್. ಸಾಮಾನು ತರ್ಬೇಕು, ನಾಳೆ ಬರ್ತೀನಿ,” ಎಂದು ಬಾಗಿಲ ಕಡೆ ಜಾರಿದ.

“ಹಾಗೇನು? ಸರಿ ಬಿಡಿ. ಬಂದಿದ್ದೀರಿ, ಒಂದು ಉಪಕಾರ ಮಾಡಿ. ನಮ್ಮ ದಿವಾನನಿಗೆ ಊಟ ಹಾಕೋ ಯಂತ್ರ ಸಿಕ್ಕೊಂಡಿದೆ.”

ದಿವಾನ ಎಂದರೆ ಬೆಕ್ಕು. ಕಾಳಿನ ಡಬ್ಬಿಯ ಮುಂದೆ, ಜಗತ್ತೇ ತನಗೆ ಮೋಸ ಮಾಡಿದೆ ಎಂಬ ಮುಖ ಮಾಡಿ ಕೂತಿತ್ತು. ಬೆಣ್ಣೆಕೈ ಬೀಗ ತೆಗೆಯುವ ತಂತಿಯನ್ನು ಸಂದಿಗೆ ತೂರಿಸಿ ಒಮ್ಮೆ ಮಿಡಿದ. ಕಾಳು ಗಳಗಳ ಉದುರಿತು.

“ಪರವಾಗಿಲ್ವೇ! ಒಳ್ಳೆ ಕೈ ನಿಮ್ದು.”

ಹೊಗಳಿಕೆ ಕೇಳಿ ಎಷ್ಟು ಕಾಲವಾಗಿತ್ತೋ. ಆ ಭಯದಲ್ಲೂ ಬೆಣ್ಣೆಕೈ ಉಬ್ಬಿದ. ಅದೇ ತಪ್ಪಾಯಿತು.

“ಇನ್ನೊಂದು ಸಣ್ಣ ಕೆಲಸ. ಬೆಳ್ಳಿ ಸಾಮಾನು ಪಾಲಿಶ್‌ಗೆ ಕಳಿಸ್ಬೇಕಿತ್ತು, ಮರೆತೇ ಬಂದ್ವಿ. ಎಲ್ಲಿಟ್ಟಿದ್ದಾರೋ ಏನೋ... ಮಲಗೋ ಕೋಣೆ ಕಪಾಟು ನೋಡಿ. ಸ್ಟೂಲ್ ಗೀಲ್ ಹತ್ಬೇಡಿ, ಮಂಡಿ ಜೋಪಾನ.”

ಕುಂಟಿದ್ದೂ ಕಾಣುತ್ತದಲ್ಲ ಈ ಹಾಳು ಕಣ್ಣಿಗೆ, ಎಂದುಕೊಂಡ. ಕೋಣೆ ಕೋಣೆಗೂ ಒಂದೊಂದು ನಿಂಬೆಹಣ್ಣು.

“ಕಪಾಟಿಗೆ ಬೀಗ ಇದೆ ಸಾರ್.”

“ಅಯ್ಯೋ, ಬೀಗದ ಕೈ ಇಲ್ವಲ್ಲ. ನಿಮ್ಮ ಚೀಲದಲ್ಲಿ ಏನಾದ್ರೂ ಇದ್ಯಾ?”

ಇತ್ತು. ಕಪಾಟು ತೆರೆಯಿತು. ಬಟ್ಟಲು, ತಟ್ಟೆ, ಹೂಜಿ ಎಲ್ಲ ಹುಣ್ಣಿಮೆಯಂತೆ ಹೊಳೆದವು. ಯಾವುದಕ್ಕಾಗಿ ಬಂದಿದ್ದನೋ ಅದನ್ನೇ ತನ್ನ ಕೈಯಾರೆ ರಟ್ಟಿನ ಪೆಟ್ಟಿಗೆಗೆ ತುಂಬಿ ಹಗ್ಗ ಬಿಗಿದ. ಕೈ ತಾನಾಗಿಯೇ ಅಪ್ಪ ಕಲಿಸಿದ ಗಂಟು ಹಾಕಿತು. ಮಾಲನ್ನು ಗೋಡೆಯಾಚೆ ಇಳಿಬಿಡಲು ಹಾಕುವ ಗಂಟು ಅದು. ಎಳೆದಷ್ಟೂ ಬಿಗಿಯುತ್ತದೆ. ಬಿಚ್ಚಬಲ್ಲವನು ಈಗ ಅವನೊಬ್ಬನೇ.

“ನಾನೇ ತಲುಪಿಸಿಬಿಡ್ತೀನಿ ಸಾರ್, ನಮ್ಮ ದಾರೀಲೇ...” ಎಂದು ಕೊನೆಯ ಪ್ರಯತ್ನ ಮಾಡಿದ.

“ಛೆ ಛೆ, ನಿಮಗ್ಯಾಕೆ ತೊಂದ್ರೆ? ಡೆಲಿವರಿಯವನನ್ನ ಕರೆಸಿದ್ದೀನಿ, ಗೇಟಲ್ಲೇ ನಿಂತಿದ್ದಾನೆ.”

ಹೆಲ್ಮೆಟ್ ತೊಟ್ಟವನೊಬ್ಬ ಪೆಟ್ಟಿಗೆ ಇಸಿದುಕೊಂಡು, ಫೋನು ನೋಡಿಕೊಂಡು, ಸ್ಕೂಟರ್ ಏರಿ ಹೋದ. ಬೆಣ್ಣೆಕೈ ನೋಡುತ್ತ ನಿಂತ.

“ನಿಮ್ಮ ಮುಖ ಕ್ಯಾಮೆರಾದಲ್ಲಿ ಚೆನ್ನಾಗಿ ಬಿದ್ದಿದೆ,” ಎಂದಿತು ದನಿ. “ಫ್ರಿಜ್ ಮತ್ತೆ ಕೆಟ್ರೆ ನಿಮ್ಮನ್ನೇ ಹುಡುಕಿಸ್ತೀವಿ. ಅವಸರ ಏನಿದೆ, ಮೆಲ್ಲಗೆ ಹೋಗಿ.”

ಮೆಲ್ಲಗೇ ಹೋದ. ಯಾರಾದರೂ ಹಿಂದೆ ಬಿದ್ದಾರೆಂದು ಊರೆಲ್ಲ ಸುತ್ತಿ ಮನೆ ಸೇರಿದ. ಹೆಂಡತಿ ಮಂಚದ ಮೇಲೇ ಇದ್ದಳು. ಅಪ್ಪನ ಚೀಲವನ್ನು ಒಮ್ಮೆ ಸವರಿ ಅವಳ ಕಾಲ ಬಳಿ ಇಟ್ಟ.

“ಕೊಡು ಗುಜರಿಯವನಿಗೆ.”

ಅವಳು ನಗಲಿಲ್ಲ. ಟೀ ಲೋಟ ಮುಂದೆ ಸರಿಸಿದಳು. “ಏನೂ ಸಿಗ್ಲಿಲ್ವಾ?”

“ಏನಿದೆ ಆ ಮನೇಲಿ ಮಣ್ಣು? ಒಂದು ಬೆಕ್ಕು.”

“ಪಾಪ,” ಎಂದಳು. ಯಾರಿಗೆ ಪಾಪ ಎಂದು ಹೇಳಲಿಲ್ಲ. ಚೀಲವನ್ನು ಎತ್ತಿ ಮತ್ತೆ ಅವನ ಮಡಿಲಿಗೇ ಇಟ್ಟಳು. “ಗುಜರಿಗೆ ಯಾಕೆ, ಇರ್ಲಿ. ಕೂತು ಕೆಲಸ ಮಾಡೋರಿಗೂ ಓಡಾಡೋ ಆಳು ಒಬ್ರು ಬೇಕಲ್ಲ.”

ಆಮೇಲೆ ಬಗ್ಗಿ ಮಂಚದ ಕೆಳಗಿಂದ ರಟ್ಟಿನ ಪೆಟ್ಟಿಗೆಯೊಂದನ್ನು ಎಳೆದಳು.

“ಕ್ಯಾಮೆರಾದಲ್ಲಿದ್ದ ನಿಮ್ಮ ಮುಖ ಅಳಿಸಿ ಆಯ್ತು. ಈ ಗಂಟು ಮಾತ್ರ ನನ್ನ ಕೈಲಿ ಬಿಚ್ಚೋಕಾಗ್ತಿಲ್ಲ, ನೀವೇ ಬನ್ನಿ.”