ಪಾಚಿ ಸಾಕುವವಳು

ಬಾಟಲಿಗಳ ಕೋಣೆಯೊಳಕ್ಕೆ ಅಮ್ಮನ ಗಾಲಿಕುರ್ಚಿಯನ್ನು ತಳ್ಳಿ ಮಗಳು ಬಾಗಿಲು ಹಾಕಿದಳು. ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಮಗಳ ಪ್ರಯೋಗಾಲಯ ನೋಡಲೇಬೇಕೆಂದು ಅಮ್ಮ ಹಟ ಹಿಡಿದಿದ್ದಳು. ಸಂಜೆ ಅವಳ ಬಲಪಾದವನ್ನು ತೆಗೆಯುವವರಿದ್ದರು. ಹುಣ್ಣಿನೊಳಗಿನ ಬ್ಯಾಕ್ಟೀರಿಯಾ ಯಾವ ಔಷಧಿಗೂ ಸೊಪ್ಪು ಹಾಕಿರಲಿಲ್ಲ.

ಗೋಡೆಯುದ್ದಕ್ಕೂ ಗಾಜಿನ ಬಾಟಲಿಗಳು, ಅವುಗಳಲ್ಲಿ ಹಸಿರು ನೀರು, ನೀರಿನಲ್ಲಿ ತಮ್ಮ ಪಾಡಿಗೆ ತಾವು ಏಳುವ ಗುಳ್ಳೆಗಳು. ಹಿಂದಿನ ದೀಪಗಳ ಬೆಳಕು ಅವನ್ನೆಲ್ಲ ಹಾದು ಬಂದು ಅಮ್ಮನ ನರೆಗೂದಲನ್ನೂ ಕಾಲಿನ ಬ್ಯಾಂಡೇಜನ್ನೂ ಹಸಿರಾಗಿಸಿತು. ಇಬ್ಬರೂ ಕೆರೆಯ ತಳದಲ್ಲಿ ಇದ್ದ ಹಾಗಿತ್ತು.

“ನಾನು ಜೀವಮಾನವಿಡೀ ತೊಟ್ಟಿ ಪಾಚಿ ಉಜ್ಜಿ ಸೊಂಟ ಮುರ್ಕೊಂಡೆ. ನೀನು ನೋಡಿದ್ರೆ ಅದನ್ನೇ ಮುದ್ದು ಮಾಡಿ ಸಾಕ್ತಿದೀಯ,” ಎಂದಳು ಅಮ್ಮ.

“ಇದು ಬರೀ ಪಾಚಿ ಅಲ್ಲಮ್ಮ. ಇದಕ್ಕೊಂದು ಹೊಸ ಜೀನ್ ಸೇರಿಸಿದೀವಿ. ಬ್ಯಾಕ್ಟೀರಿಯಾ ಕೊಲ್ಲೋ ಪೆಪ್ಟೈಡ್ ಅನ್ನೋ ಪುಟ್ಟ ಪ್ರೋಟೀನನ್ನ ತಾನೇ ತಯಾರಿಸುತ್ತೆ.”

ಮಗಳು ಕಿಟಕಿ ಪಕ್ಕದ ಬಾಟಲಿ ತೋರಿಸಿದಳು. ಹೊರಗಿನ ಬ್ಯಾಕ್ಟೀರಿಯಾ ಸೇರಿ ಪಾಚಿ ಕೆಡದಿರಲೆಂದು ಮೊದಲೇ ಬೆರೆಸಬೇಕಾದ ಆಂಟಿಬಯಾಟಿಕ್ಕನ್ನು, ಅಮ್ಮನ ಕಾಲಿನ ಚಿಂತೆಯಲ್ಲಿ, ಅದೊಂದಕ್ಕೆ ಹಾಕುವುದನ್ನೇ ಮರೆತಿದ್ದಳು. ಇಷ್ಟು ಹೊತ್ತಿಗೆ ಅದು ಹಳದಿಗಟ್ಟಿ ಗಬ್ಬು ನಾರಬೇಕಿತ್ತು. ಆದರೆ ಹಸಿರು ಹಾಗೇ ಇತ್ತು. ಪಾಚಿ ತನ್ನನ್ನು ತಾನೇ ಕಾದುಕೊಂಡಿತ್ತು.

“ಹಾಗಾದ್ರೆ ನನ್ನ ಕಾಲಿಗೂ ಒಂದು ಲೋಟ ಹೊಯ್ಯಿ,” ಎಂದಳು ಅಮ್ಮ. ದನಿಯಲ್ಲಿ ತಮಾಷೆಯಿತ್ತು, ಕಣ್ಣಲ್ಲಿ ಇರಲಿಲ್ಲ.

ಎಷ್ಟೋ ದಿನದಿಂದ ಮಗಳಿಗೆ ಒಂದೇ ಕನಸು: ಹಸಿರು ನೀರಿಗೆ ಕಾಲು ಇಳಿಬಿಟ್ಟು ಅಮ್ಮ ಕೂತಿರುತ್ತಾಳೆ, ಹುಣ್ಣು ಮೆಲ್ಲಗೆ ಮಾಯುತ್ತಿರುತ್ತದೆ. ಕೈ ಬಾಟಲಿಯ ಮುಚ್ಚಳದ ತನಕ ಹೋಗಿ ನಿಂತಿತು. ಇಲಿಗಳ ಮೇಲೂ ಇನ್ನೂ ಪರೀಕ್ಷಿಸದ ನೀರದು. ರಕ್ತಕ್ಕೆ ಸೇರಿದರೆ ಏನಾಗುವುದೋ ಅವಳಿಗೇ ಗೊತ್ತಿರಲಿಲ್ಲ. ಪಾದ ಹೋದರೂ ಅಮ್ಮ ಉಳಿಯುತ್ತಾಳೆ ಎಂದುಕೊಂಡು ಕೈ ಹಿಂದೆ ತೆಗೆದಳು.

“ಆಗಲ್ಲಮ್ಮ. ಇದು ಔಷಧಿ ಆಗೋಕೆ ಇನ್ನೂ ಹತ್ತು ಹದಿನೈದು ವರ್ಷ ಬೇಕು. ನಿನಗೇ ಒದಗಿಬರಲಿಲ್ಲ ನೋಡು. ಇಷ್ಟೆಲ್ಲ ಯಾರಿಗೆ ಮಾಡಿದೆನೋ.”

ಅಮ್ಮ ಬೆಚ್ಚಗಿನ ಗಾಜಿಗೆ ಅಂಗೈ ಒತ್ತಿ, ಗುಳ್ಳೆಗಳನ್ನು ನೋಡಿದಳು.

“ನಡಿ, ಹೊತ್ತಾಯ್ತು,” ಎಂದಳು ಆಮೇಲೆ. “ಇದು ಉಳಿಸಬೇಕಾದ ಕಾಲು ಈಗ ಎಲ್ಲೋ ಬೀದೀಲಿ ಕುಂಟೆಬಿಲ್ಲೆ ಆಡ್ತಿರುತ್ತೆ.”