ಎಂಜಿನ್ ಕುಡಿದ ನೀರು

ಟ್ರಿಪ್ ಮುಗಿಸಿ ಲಾರಿ ಬಂದಾಗಲೆಲ್ಲ ರೇಡಿಯೇಟರಿನಲ್ಲಿ ಅರ್ಧ ಬಕೆಟ್ ನೀರು ಕಡಿಮೆಯಾಗಿರುತ್ತಿತ್ತು. ಕೆಳಗೆ ಮಾತ್ರ ಒಂದು ಹನಿಯೂ ಸೋರುತ್ತಿರಲಿಲ್ಲ.

ಘಟ್ಟ ಹತ್ತಲೆಂದು ಎಂಜಿನ್ನಿಗೆ ಗಾಳಿ ತುಂಬುವ ಟರ್ಬೊದ ಒತ್ತಡ ಏರಿಸಿದ್ದೇ ಕಾರಣವಿರಬೇಕೆಂದು ಮಾಲೀಕರು ಮಿಸ್ತ್ರಿಯನ್ನು ಕರೆಸಿದರು. ಮಿಸ್ತ್ರಿ ಎಂಜಿನ್ನಿನ ಹೆಡ್ ಬಿಚ್ಚಿ, ಸಂದಿ ಮುಚ್ಚುವ ಹೊಸ ಗ್ಯಾಸ್ಕೆಟ್ ಹಾಕಿದ. ನೀರು ಮತ್ತೆ ಅಷ್ಟೇ ಇಳಿಯಿತು.

“ಗ್ಯಾಸ್ಕೆಟ್ಟಿಗೆ ಒತ್ತಡ ತಡಿಯಾಕ ಆಗವಲ್ದು ಧಣಿ. ಸಂದಿಯಾಗಿಂದ ಎಂಜಿನ್ನs ನೀರು ಕುಡಿಯಾಕತ್ತೈತಿ.”

“ತಾಮ್ರದ್ದು ಹಾಕು.”

“ತಾಮ್ರದ್ದು ನೀರು ಜಿನಗತೈತ್ರಿ. ಮೂರು ಪದರಿನ ಸ್ಟೀಲಿಂದರ ಹಾಕಬೇಕು. ಇಲ್ಲಾ, ಹೆಡ್ಡಿಗೆ ಗೆರಿ ಕೊರದು ಸಿಲಿಂಡರ್ ಸುತ್ತ ಉಕ್ಕಿನ ಬಳಿ ಕೂಡಸಬೇಕು.”

“ಯಾವುದು ಗಟ್ಟಿ?”

“ಬಳಿ ಹಾಕಿದ್ರ ಗಾಳಿನೂ ದಾಟಂಗಿಲ್ರಿ.”

“ಹಂಗಾರ ಬಳೀನ ತೊಡಸು!”

ಹೆಡ್ ಲೇತಿಗೆ ಹೋಗಿ ಬರುವಷ್ಟರಲ್ಲಿ ಹದಿನೈದು ದಿನವಾಯಿತು. ಡ್ರೈವರ್ ಊರಿಗೆ ಹೋಗಿ ಆರಾಮವಾಗಿ ಇದ್ದು ಬಂದ. ಅವನನ್ನು ಯಾರೂ ಏನೂ ಕೇಳಿರಲಿಲ್ಲ.

ಮೊದಲ ಟ್ರಿಪ್ ಮುಗಿದ ಬೆಳಿಗ್ಗೆ ಮಾಲೀಕರೇ ರೇಡಿಯೇಟರಿನ ಮುಚ್ಚಳ ತೆಗೆದು ನೋಡಿದರು. ಅರ್ಧ ಬಕೆಟ್ ಕಡಿಮೆ! ಮಿಸ್ತ್ರಿ ತಲೆಯ ಮೇಲೆ ಕೈಹೊತ್ತು ಟೈರಿಗೆ ಒರಗಿ ಕೂತ.

ಅಷ್ಟರಲ್ಲಿ ಡ್ರೈವರ್ ಒದ್ದೆ ತಲೆ ಒರೆಸಿಕೊಳ್ಳುತ್ತ, ಹಣೆಗೆ ವಿಭೂತಿ ಬಳಿದುಕೊಂಡು ಬಂದ.

“ಹೆಂಗ ಓಡ್ತೋ?” ಮಾಲೀಕರು ಕ್ಷೀಣವಾಗಿ ಕೇಳಿದರು.

“ಕುದುರಿ ಓಡಿದಂಗ ಓಡ್ತುರಿ! ಆದ್ರ ಮಿಸ್ತ್ರಿ ಏನ್ ಮಾಡ್ಯಾನೋ, ರೇಡಿಯೇಟರ್ ನೀರು ಈಗ ಭಾಳ ಕಾಯ್ತೈತ್ರಿ. ಎರಡು ತಂಬಿಗಿ ತಣ್ಣೀರು ಬೆರಸದs ಜಳಕಾ ಮಾಡಾಕ ಆಗವಲ್ದು.”