ದಕ್ಷಿಣದ ಗೋಡೆ

ಆಫ್ರಿಕಾದ ಬೇಟೆಯಿಂದ ಗಂಡ ತಂದ ಕಾಡುಕೋಣದ ತಲೆಗೆ ಮನೆಯಲ್ಲಿ ಜಾಗವಿದ್ದದ್ದು ದಕ್ಷಿಣದ ಗೋಡೆಯಲ್ಲಿ ಮಾತ್ರ. ಮಿಕ್ಕ ಗೋಡೆಗಳ ತುಂಬ ಚಿರತೆ, ಜಿಂಕೆ, ಹಂದಿಗಳ ತಲೆಗಳು, ಶಾಪಕ್ಕೆ ಕಲ್ಲಾದ ರಾಜಕುಮಾರರ ಹಾಗೆ ಕಣ್ಣು ಬಿಟ್ಟುಕೊಂಡಿದ್ದವು.

"ಅಲ್ಲಿ ಬೇಡ ರೀ. ಅದು ತೀರಿಹೋದವರ ಫೋಟೋ ಹಾಕೋ ಗೋಡೆ," ಎಂದಳು ಹೆಂಡತಿ.

"ನಮ್ಮನೇಲಿ ಈಗ ಯಾರು ಸತ್ತಿದಾರೆ ಮಾರಾಯ್ತಿ? ಮೊಳೆ ಕೊಡು."

ಮೊಳೆ ಅವಳ ಮುಷ್ಟಿಯಲ್ಲೇ ಉಳಿಯಿತು.

"ನೀವು ಕಾಡಲ್ಲಿದ್ದಾಗ ಆಸ್ಪತ್ರೆ ರಿಪೋರ್ಟ್ ಬಂತು. ಯುಗಾದಿ ದಾಟಲ್ಲ ಅಂದ್ರು ಡಾಕ್ಟ್ರು. ನಂಗೊಂದಿಷ್ಟು ಜಾಗ ಬಿಡಿ."

ಅವನು ಸುತ್ತಿಗೆ ಕೆಳಗಿಟ್ಟ. ಆಮೇಲೆ ಕೋಣದ ತಲೆಯನ್ನು ಗೋಡೆಗೆ ಒರಗಿಸಿ, ಕೋಡಿನ ತುದಿಯಿಂದ ಮೂಲೆಯವರೆಗೆ ಗೇಣು ಹಾಕಿದ.

"ಫೋಟೋ ಚಿಕ್ಕದು ತೆಗೆಸ್ಕೋ," ಎಂದ.